ಎಲ್‌ಇಡಿ ಹಾಕಿದ್ದಾಯಿತು, ಚಾರ್ಜರ್ ಕಿತ್ತಿದ್ದಾಯಿತು, ಯೂನಿಟ್ ಮಾತ್ರ ಇಳಿಯುತ್ತಿಲ್ಲ

ಹಗಲುಬೆಳಕು

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಕರೆಂಟ್ ಖರ್ಚು ಇಳಿಸಬೇಕು ಅಂತ ಹೊರಟಿದ್ದೇನೆ. ಬಿಲ್ ಉಳಿದರೆ ಬೇಡ ಅನ್ನಲ್ಲ ಬಿಡಿ. ಆದರೆ ನಾವು ಸ್ವಿಚ್ ಒತ್ತಿದಾಗೆಲ್ಲ ಎಲ್ಲೋ ಒಂದು ಕಡೆ ಕಲ್ಲಿದ್ದಲು ಉರಿಯುತ್ತದಲ್ಲ, ಅದರಲ್ಲಿ ನಮ್ಮ ಪಾಲು ಕಡಿಮೆ ಆಗಲಿ ಅನ್ನೋದು ಮುಖ್ಯ ಉದ್ದೇಶ.

ಹಳೇ ಬಲ್ಬ್‌ಗಳನ್ನೆಲ್ಲ ತೆಗೆದು ಎಲ್‌ಇಡಿ ಹಾಕಿದೆವು. ರೂಮಿನಿಂದ ಹೊರಗೆ ಬರುವಾಗ ಲೈಟ್ ಆರಿಸುವುದು ಎಲ್ಲರಿಗೂ ಅಭ್ಯಾಸ ಆಗಿದೆ. ಫೋನ್ ಚಾರ್ಜರ್ ಸುಮ್ನೆ ಸಿಕ್ಕಿಸಿ ಬಿಡುವುದಿಲ್ಲ. ಇಷ್ಟಾದರೂ ತಿಂಗಳ ಯೂನಿಟ್ ಒಂಚೂರು ಇಳಿದು ಅಲ್ಲೇ ನಿಂತುಬಿಟ್ಟಿದೆ. ಮನೆಯಲ್ಲಿ ಗೀಸರ್, ಫ್ರಿಜ್, ವಾಷಿಂಗ್ ಮಷೀನ್, ಒಂದು ಎಸಿ, ಫ್ಯಾನ್‌ಗಳು, ಕಂಪ್ಯೂಟರ್ ಇವೆ. ಮುಂದೆ ಯಾವುದಕ್ಕೆ ಕೈ ಹಾಕಲಿ?

ತಣ್ಣೀರೇ_ಸಾಕು

ಗೀಸರ್‌ಗೆ. ಕಣ್ಣು ಮುಚ್ಚಿಕೊಂಡು ಹೇಳಬಹುದು.

ಯೂನಿಟ್‌ಲೆಕ್ಕ

ಕಣ್ಣು ಮುಚ್ಚಿಕೊಂಡು ಯಾಕೆ ಹೇಳಬೇಕು, ಲೆಕ್ಕವೇ ಇದೆಯಲ್ಲ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡೋಕೆ 1.16 ವ್ಯಾಟ್-ಅವರ್ ಬೇಕು. ಕಾಯಿಲ್ ಇರುವ ಸಾಮಾನ್ಯ ಗೀಸರ್ ಯಾವ ಕಂಪನಿಯದ್ದಾದರೂ ಇದಕ್ಕಿಂತ ಕಡಿಮೆಗೆ ಆಗಲ್ಲ. ಒಬ್ಬರ ಸ್ನಾನಕ್ಕೆ 20 ಲೀಟರ್ ನೀರು, 20 ಡಿಗ್ರಿ ಏರಿಸಿದೆವು ಅಂದುಕೊಳ್ಳಿ. 20 × 20 × 1.16, ಅಂದರೆ 464 ವ್ಯಾಟ್-ಅವರ್. ಸಾವಿರ ವ್ಯಾಟ್-ಅವರ್‌ಗೆ ಒಂದು ಯೂನಿಟ್, ಹಾಗಾಗಿ ಇದು ಹತ್ತಿರ ಹತ್ತಿರ ಅರ್ಧ ಯೂನಿಟ್. ಅಷ್ಟೇ ಕರೆಂಟಿನಲ್ಲಿ 9 ವ್ಯಾಟಿನ ಎಲ್‌ಇಡಿ ಎರಡು ಹಗಲು, ಎರಡು ರಾತ್ರಿ ಬಿಡದೆ ಉರಿಯುತ್ತದೆ.

ಇನ್ನೊಂದು ಲೆಕ್ಕ ನೋಡಿ. ಸಾವಿರ ಲೀಟರ್ ನೀರನ್ನು 10 ಮೀಟರ್ ಮೇಲಿನ ಟ್ಯಾಂಕಿಗೆ ಎತ್ತೋಕೆ ಬೇಕಾಗುವುದು ಬರೀ 27 ವ್ಯಾಟ್-ಅವರ್. ಪಂಪು, ಪೈಪು ತಿನ್ನುವ ನಷ್ಟ ಸೇರಿಸಿ ನಾಲ್ಕು ಪಟ್ಟು ಹಿಡಿದರೂ 0.1 ಯೂನಿಟ್ ಆಸುಪಾಸು. ಅದೇ ಸಾವಿರ ಲೀಟರನ್ನು 20 ಡಿಗ್ರಿ ಬಿಸಿ ಮಾಡೋಕೆ 23 ಯೂನಿಟ್! ಶಬ್ದ ಮಾಡುವ ಪಂಪಿನ ಮೇಲೆ ಎಲ್ಲರಿಗೂ ಅನುಮಾನ. ಬಾಯಿ ಬಿಡದೆ ಗೋಡೆ ಮೇಲೆ ಕೂತಿರುವ ಗೀಸರನ್ನು ಯಾರೂ ಕೇಳಲ್ಲ.

ಶಾಖ ಹುಟ್ಟಿಸುವ, ಶಾಖ ಸಾಗಿಸುವ ಯಂತ್ರಗಳ ಹಿಂದೆ ಹೋಗಿ. ಗೀಸರ್, ಎಸಿ, ಫ್ರಿಜ್, ಇಸ್ತ್ರಿ ಪೆಟ್ಟಿಗೆ, ಬಿಸಿನೀರಿನಲ್ಲಿ ಒಗೆಯುವ ವಾಷಿಂಗ್ ಮಷೀನ್. ಬೆಳಕು, ಟಿವಿ, ಫೋನ್ ಇವೆಲ್ಲ ಆಮೇಲೆ.

ಪ್ರಶ್ನೆಪತ್ರಿಕೆ

ಹಾಗಾದರೆ ಚಾರ್ಜರ್ ಕಿತ್ತಿಡುವುದರಿಂದ ಏನೂ ಉಪಯೋಗ ಇಲ್ವಾ? ಚಿಕ್ಕಂದಿನಿಂದ ಅದನ್ನೇ ಹೇಳಿಕೊಂಡು ಬಂದಿದ್ದಾರಲ್ಲ.

ಯೂನಿಟ್‌ಲೆಕ್ಕ

ಈಗಿನ ಒಳ್ಳೆ ಚಾರ್ಜರ್ ಫೋನ್ ಇಲ್ಲದೆ ಸುಮ್ನೆ ಪ್ಲಗ್‌ನಲ್ಲಿದ್ದರೆ 0.1 ವ್ಯಾಟ್ ಆಸುಪಾಸು ಎಳೆಯುತ್ತದೆ. ವರ್ಷವಿಡೀ ಹಾಗೇ ಬಿಟ್ಟರೂ ಒಂದು ಯೂನಿಟ್ ಆಗಲ್ಲ. ಅಂದರೆ ಎರಡು ಸ್ನಾನದ ಬಿಸಿನೀರು. ಕಿತ್ತಿಡಿ, ಬೇಡ ಅನ್ನಲ್ಲ. ಆದರೆ ಅದನ್ನು ಮಾಡಿ ನಮ್ಮ ಕೆಲಸ ಆಯಿತು ಅಂತ ಕೈ ತೊಳೆದುಕೊಂಡರೆ ಕಷ್ಟ.

ಹಿಂದೆ ಇದು ಹೀಗಿರಲಿಲ್ಲ. ಆರಿಸಿಟ್ಟ ಟಿವಿ, ಟೇಪ್ ರೆಕಾರ್ಡರ್ ಕೂಡ 5–10 ವ್ಯಾಟ್ ತಿನ್ನುತ್ತಿದ್ದ ಕಾಲ ಇತ್ತು. 1999ರಲ್ಲಿ ಅಂತಾರಾಷ್ಟ್ರೀಯ ಇಂಧನ ಸಂಸ್ಥೆ, ಸ್ಟ್ಯಾಂಡ್‌ಬೈನಲ್ಲಿ ಯಾವ ಉಪಕರಣವೂ ಒಂದು ವ್ಯಾಟ್‌ಗಿಂತ ಜಾಸ್ತಿ ಎಳೆಯಬಾರದು ಅನ್ನುವ ಗುರಿ ಮುಂದಿಟ್ಟಿತು. ಯುರೋಪ್ ಒಕ್ಕೂಟ 2010ರಲ್ಲಿ ಅದನ್ನು ಕಾನೂನಾಗಿಯೇ ತಂದು, 2013ಕ್ಕೆ ಅರ್ಧ ವ್ಯಾಟ್‌ಗೆ ಇಳಿಸಿತು. ತಯಾರಕರ ಕೈ ಕಟ್ಟಿದ್ದರಿಂದ ಆದ ಉಳಿತಾಯ ಅದು. ನಾವು ಪ್ಲಗ್ ಕಿತ್ತು ಅಷ್ಟು ಸಾಧಿಸೋಕೆ ಆಗುತ್ತಿರಲಿಲ್ಲ.

ಸೆಟ್‌ಟಾಪ್ ಬಾಕ್ಸ್ ಕಥೆ ಬೇರೆ. ರಿಮೋಟ್‌ನಲ್ಲಿ ಆರಿಸಿದ ಮೇಲೂ 10 ವ್ಯಾಟ್ ಎಳೆಯುವ ಪೆಟ್ಟಿಗೆಗಳಿವೆ. ಅದು ವರ್ಷಕ್ಕೆ 87 ಯೂನಿಟ್. ಮುಟ್ಟಿ ನೋಡಿದರೆ ಬೆಚ್ಚಗಿರುತ್ತದೆ, ಆ ಬಿಸಿ ಎಲ್ಲಿಂದ ಬರಬೇಕು ಹೇಳಿ.

ಹಗಲುಬೆಳಕು ಅವರೇ, ಇವತ್ತು ರಾತ್ರಿ ಒಂದು ಕೆಲಸ ಮಾಡಿ. ನಿಮ್ಮ ಮೀಟರ್ ಡಿಜಿಟಲ್ ಆಗಿದ್ದರೆ ಮುಂದುಗಡೆ ಒಂದು ಸಣ್ಣ ಕೆಂಪು ದೀಪ ಮಿಣುಕುತ್ತಿರುತ್ತದೆ. ಪಕ್ಕದಲ್ಲಿ ಒಂದು ಯೂನಿಟ್‌ಗೆ ಎಷ್ಟು ಮಿಣುಕು ಅಂತ ಬರೆದಿರುತ್ತದೆ, ಸಾಮಾನ್ಯವಾಗಿ 1600 ಅಥವಾ 3200. ಮಲಗುವ ಮುಂಚೆ ನೀವು ಆರಿಸುವುದನ್ನೆಲ್ಲ ಆರಿಸಿ. ಫ್ರಿಜ್ಜಿನ ಸ್ವಿಚ್ಚನ್ನೂ ಹತ್ತು ನಿಮಿಷ ತೆಗೆಯಿರಿ. ಆಮೇಲೆ ಟಾರ್ಚ್ ಹಿಡಿದು ಮೀಟರ್ ಮುಂದೆ ನಿಂತು, ಒಂದು ಮಿಣುಕಿನಿಂದ ಇನ್ನೊಂದಕ್ಕೆ ಎಷ್ಟು ಸೆಕೆಂಡ್ ಅಂತ ನೋಡಿ. 1600ರ ಮೀಟರ್ ಆದರೆ 2250ನ್ನು ಆ ಸೆಕೆಂಡಿನಿಂದ ಭಾಗಿಸಿ. 3200 ಆದರೆ 1125ನ್ನು ಭಾಗಿಸಿ. ಬಂದ ಉತ್ತರವೇ ಆ ಹೊತ್ತಿಗೆ ಮನೆ ಎಳೆಯುತ್ತಿರುವ ವ್ಯಾಟ್.

ವಾಪಸ್ ಬರುವಾಗ ಫ್ರಿಜ್ ಸ್ವಿಚ್ ಹಾಕೋದು ಮರೆಯಬೇಡಿ.

ಚಾವಣಿ

ಎಸಿ ಬಗ್ಗೆ ನಾನು ಸ್ವಲ್ಪ ಹೇಳುತ್ತೇನೆ. ಒಂದು ಡಿಗ್ರಿ ಮೇಲೆ ಇಟ್ಟರೆ ಸುಮಾರು ಶೇ. 6ರಷ್ಟು ಉಳಿಯುತ್ತದೆ ಅನ್ನೋದು ಸಾಮಾನ್ಯ ಅಂದಾಜು. 20ರಲ್ಲಿ ಇಟ್ಟು ಕಂಬಳಿ ಹೊದ್ದುಕೊಳ್ಳುವವರನ್ನು ನೋಡಿದ್ದೇನೆ. 26ರಲ್ಲಿ ಇಟ್ಟು ಮೇಲೆ ಫ್ಯಾನ್ ಮೆಲ್ಲಗೆ ತಿರುಗಿಸಿದರೆ ಮೈಗೆ ಅಷ್ಟೇ ಹಿತ. ಇನ್ನೊಂದು ತಪ್ಪು ನಂಬಿಕೆ: ಬೇಗ ತಣ್ಣಗಾಗಲಿ ಅಂತ 16ಕ್ಕೆ ಇಡೋದು. ಸಾಮಾನ್ಯ ಎಸಿ 16ಕ್ಕಿಟ್ಟರೂ 24ಕ್ಕಿಟ್ಟರೂ ತಣ್ಣಗೆ ಮಾಡುವ ವೇಗ ಒಂದೇ. ನಿಲ್ಲುವ ಜಾಗ ಮಾತ್ರ ಬೇರೆ.

ಆದರೆ ಎಸಿಗೆ ಕೈ ಹಾಕುವ ಮುಂಚೆ ಬಿಸಿಲಿಗೆ ಕೈ ಹಾಕಿ. ಪಶ್ಚಿಮದ ಕಿಟಕಿಗೆ ಒಳಗಿಂದ ಪರದೆ ಎಳೆದರೆ ಅರ್ಧ ಕೆಲಸ ಅಷ್ಟೇ, ಯಾಕೆಂದರೆ ಬಿಸಿಲು ಆಗಲೇ ಗಾಜು ದಾಟಿ ಒಳಗೆ ಬಂದಾಗಿದೆ. ಪರದೆ ಕಾದು ಆ ಬಿಸಿಯನ್ನು ರೂಮಿಗೇ ಬಿಡುತ್ತದೆ. ಅದೇ ನೆರಳನ್ನು ಗಾಜಿನ ಹೊರಗೆ ಮಾಡಿ. ಚಾಪೆಯೋ, ಬಟ್ಟೆಯೋ, ಬಳ್ಳಿಯೋ ಏನಾದರೂ ಸರಿ. ಸಂಜೆ ಹೊತ್ತಿಗೆ ವ್ಯತ್ಯಾಸ ಗೊತ್ತಾಗುತ್ತದೆ. ಕಾಂಕ್ರೀಟ್ ಚಾವಣಿ ಇದ್ದರೆ ಮೇಲೆ ಬಿಳಿ ಬಣ್ಣ ಬಳಿಯಿರಿ. ಹಗಲೆಲ್ಲ ಕುಡಿದ ಬಿಸಿಯನ್ನು ರಾತ್ರಿ ಹನ್ನೊಂದಕ್ಕೆ ಮಂಚದ ಮೇಲೆ ಸುರಿಯುವುದು ಅದೇ ಚಾವಣಿ.

ಫ್ಯಾನ್ ರೂಮನ್ನು ತಣ್ಣಗೆ ಮಾಡಲ್ಲ, ಮೈಯ ಬೆವರನ್ನು ಆರಿಸುತ್ತದೆ ಅಷ್ಟೇ. ಜನ ಇಲ್ಲದ ರೂಮಿನಲ್ಲಿ ಫ್ಯಾನ್ ತಿರುಗಿದರೆ ಮೋಟಾರಿನ ಶಾಖದಿಂದ ರೂಮು ಚೂರು ಬಿಸಿಯೇ ಆಗುತ್ತದೆ. ಹಳೇ ಸೀಲಿಂಗ್ ಫ್ಯಾನ್ 70–75 ವ್ಯಾಟ್, ಬಿಎಲ್‌ಡಿಸಿ ಅಂದರೆ ಕಮ್ಮಿ ಕರೆಂಟ್ ತಿನ್ನುವ ಹೊಸ ಬಗೆ ಮೋಟಾರಿನ ಫ್ಯಾನ್ 30 ವ್ಯಾಟ್ ಆಸುಪಾಸು. ಹಗಲೂ ರಾತ್ರಿ ತಿರುಗುವ ಫ್ಯಾನ್ ಆದರೆ ಬದಲಾಯಿಸಿ. ಅತಿಥಿಗಳ ಕೋಣೆಯದ್ದನ್ನು ಬದಲಾಯಿಸಿ ಏನು ಮಾಡುತ್ತೀರಿ? ಹಳೇ ಕಾಲದ ದಪ್ಪ ಪೆಟ್ಟಿಗೆ ರೆಗ್ಯುಲೇಟರ್ ಇದ್ದರೆ ಮಾತ್ರ ಇವತ್ತೇ ತೆಗೆಸಿ. ಅದು ಫ್ಯಾನಿಗೆ ಕೊಡದ ಕರೆಂಟನ್ನು ತಾನೇ ಬಿಸಿಯಾಗಿ ಸುಡುತ್ತದೆ.

ಕಂಪ್ರೆಸರ್‌ಕಿವಿ

ಎಸಿ, ಫ್ರಿಜ್ ರಿಪೇರಿ ನನ್ನ ಕಸುಬು. ಇಲ್ಲಿ ಎಲ್ಲರೂ ಯೂನಿಟ್ ಬಗ್ಗೆ ಮಾತಾಡುತ್ತಿದ್ದೀರಿ. ಪರಿಸರದ ಲೆಕ್ಕ ಅಂತ ಬಂದರೆ ಗ್ಯಾಸಿನ ಬಗ್ಗೆ ಒಬ್ಬರೂ ಎತ್ತಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಎಸಿ ಒಳಗೆ ಓಡಾಡುವ ಗ್ಯಾಸ್ ಇದೆಯಲ್ಲ, ಬಹಳ ಎಸಿಗಳಲ್ಲಿ ಅದು ಆರ್-410ಎ. ಒಂದು ಕೆಜಿ ಆರ್-410ಎ ಗಾಳಿಗೆ ಸೋರಿದರೆ, 100 ವರ್ಷದ ಲೆಕ್ಕದಲ್ಲಿ ಸುಮಾರು 2000 ಕೆಜಿ ಇಂಗಾಲದ ಡೈಆಕ್ಸೈಡ್ ಬಿಟ್ಟಷ್ಟು ಭೂಮಿ ಬಿಸಿಯಾಗುತ್ತದೆ. ಕಲ್ಲಿದ್ದಲಿನಿಂದ ಒಂದು ಯೂನಿಟ್ ತಯಾರಾದರೆ ಹೆಚ್ಚುಕಡಿಮೆ ಒಂದು ಕೆಜಿ ಹೊಗೆ. ಅಂದರೆ ಒಂದು ಕೆಜಿ ಗ್ಯಾಸ್ ಇರುವ ಒಂದು ಎಸಿ ಖಾಲಿ ಆಗುವುದೂ ಎರಡು ಸಾವಿರ ಯೂನಿಟ್ ಕಲ್ಲಿದ್ದಲು ಕರೆಂಟ್ ಸುಡುವುದೂ ಒಂದೇ. 60 ವ್ಯಾಟಿನ ಹಳೇ ಬಲ್ಬ್ ತೆಗೆದು ಎಲ್‌ಇಡಿ ಹಾಕಿ ದಿನಕ್ಕೆ 5 ಗಂಟೆ ಉರಿಸಿದರೆ ವರ್ಷಕ್ಕೆ 90 ಯೂನಿಟ್ ಉಳಿಯಬಹುದು. ಆ ಒಂದು ಬಲ್ಬಿನ 20 ವರ್ಷದ ಉಳಿತಾಯ ಒಂದು ಸೋರಿಕೆಯಲ್ಲಿ ಹೋಯಿತು.

ಮೆಕ್ಯಾನಿಕ್ ಬಂದು "ಗ್ಯಾಸ್ ಕಮ್ಮಿ ಆಗಿದೆ, ತುಂಬಿಸಿಬಿಡೋಣ" ಅಂದರೆ ತಲೆ ಆಡಿಸಬೇಡಿ. ಎಸಿ ಗ್ಯಾಸ್ ಪೆಟ್ರೋಲ್ ಥರ ಖರ್ಚಾಗುವುದಲ್ಲ. ಒಳಗೇ ಸುತ್ತುತ್ತಿರುತ್ತದೆ. ಕಮ್ಮಿ ಆಗಿದೆ ಅಂದರೆ ತೂತು ಇದೆ ಅಂತಲೇ ಅರ್ಥ. ಜೋಡಣೆಯ ಜಾಗದಲ್ಲಿ, ತಾಮ್ರದ ಪೈಪಿನ ನಟ್ ಹತ್ತಿರ ಎಣ್ಣೆ ಜಿಡ್ಡು ಕಾಣುತ್ತಾ ನೋಡಿ, ಬಹಳ ಸಲ ಸೋರುವುದು ಅಲ್ಲೇ. ಸೋಪಿನ ನೊರೆ ಹಚ್ಚಿದರೆ ಗುಳ್ಳೆ ಏಳುತ್ತದೆ. ಮೊದಲು ಅದು ಸರಿ ಆಗಲಿ, ಆಮೇಲೆ ಗ್ಯಾಸ್. ಎಸಿಯನ್ನು ಒಂದು ಮನೆಯಿಂದ ಇನ್ನೊಂದಕ್ಕೆ ಸಾಗಿಸುವಾಗಲೂ ಅಷ್ಟೇ. ಗ್ಯಾಸನ್ನು ಎಸಿಯ ಹೊರಗಿನ ಪೆಟ್ಟಿಗೆಗೆ ಎಳೆದು, ಮುಚ್ಚಿ, ಆಮೇಲೆ ಪೈಪ್ ಬಿಚ್ಚಬೇಕು. ಐದು ನಿಮಿಷದ ಕೆಲಸಕ್ಕೆ ಸೋಮಾರಿತನ ಮಾಡಿ ಬುಸ್ಸಂತ ಗಾಳಿಗೆ ಬಿಡುವವರು ನಮ್ಮ ಕಸುಬಿನಲ್ಲಿ ಬೇಕಾದಷ್ಟಿದ್ದಾರೆ.

ಹೊಸದು ಕೊಳ್ಳುವವರು ಗ್ಯಾಸಿನ ಹೆಸರು ನೋಡಿ ಕೊಳ್ಳಿ. ಆರ್-32 ಆದರೆ 2000ದ ಜಾಗದಲ್ಲಿ 675. ಆರ್-290, ಅಂದರೆ ಪ್ರೊಪೇನ್, ಆದರೆ 5ಕ್ಕಿಂತ ಕಡಿಮೆ. ಫ್ರಿಜ್ಜುಗಳಲ್ಲಿ ಈಗ ಆರ್-600ಎ ಬರುತ್ತಿದೆ, ಅದೂ ಅಷ್ಟೇ ಕಡಿಮೆ. ಈ ಕೊನೆಯ ಎರಡು ಬೆಂಕಿ ಹತ್ತುವ ಗ್ಯಾಸ್, ಹಾಗಾಗಿ ಗೊತ್ತಿರುವವರೇ ಮುಟ್ಟಬೇಕು.

ಪ್ರಶ್ನೆಪತ್ರಿಕೆ

ಅಣ್ಣ, ಓಝೋನ್ ತೂತಿನ ವಿಷಯ ಮುಗಿಯಿತು ಅಂತ ಓದಿದ್ದೆ. ಆ ಗ್ಯಾಸ್‌ಗಳನ್ನು ನಿಲ್ಲಿಸಿದರಲ್ವಾ?

ಕಂಪ್ರೆಸರ್‌ಕಿವಿ

ನಿಲ್ಲಿಸಿದ್ದು ಬೇರೆ. 1987ರ ಮಾಂಟ್ರಿಯಲ್ ಒಪ್ಪಂದದಲ್ಲಿ ಹಿಡಿದದ್ದು ಓಝೋನ್ ತಿನ್ನುವ ಗ್ಯಾಸ್‌ಗಳನ್ನು. ಅವುಗಳ ಜಾಗಕ್ಕೆ ಬಂದವು ಓಝೋನನ್ನು ಮುಟ್ಟಲ್ಲ, ಆದರೆ ಶಾಖ ಹಿಡಿದಿಡುತ್ತವೆ. ಅವನ್ನು ಹಂತ ಹಂತವಾಗಿ ಇಳಿಸಬೇಕು ಅಂತ ಒಪ್ಪಿದ್ದು 2016ರಲ್ಲಿ, ರುವಾಂಡಾದ ಕಿಗಾಲಿಯಲ್ಲಿ. ಈಗಾಗಲೇ ಗೋಡೆ ಮೇಲೆ ಕೂತಿರುವ ಬಹಳ ಎಸಿಗಳ ಒಳಗೆ ಶಾಖ ಹಿಡಿದಿಡುವ ಆ ಗ್ಯಾಸೇ ಇದೆ.

ಒಲೆಮುಂದೆ

ಅಡುಗೆಮನೆ ಬಿಟ್ಟೇಬಿಟ್ಟಿರಲ್ಲ. ನೀರು ಕುದಿಯೋಕೆ ಶುರುವಾದ ಮೇಲೆ ಉರಿ ಎಷ್ಟು ದೊಡ್ಡದು ಮಾಡಿದರೂ ಅದು 100 ಡಿಗ್ರಿ ದಾಟಲ್ಲ. ಒಳಗಿರುವುದು ಬೇಗ ಬೇಯಲ್ಲ, ಆವಿ ಮಾತ್ರ ಜಾಸ್ತಿ ಹೋಗುತ್ತದೆ. ಯೂನಿಟ್‌ಲೆಕ್ಕ ಅವರ ಧಾಟಿಯಲ್ಲೇ ಹೇಳುವುದಾದರೆ, 25 ಡಿಗ್ರಿಯ ಒಂದು ಲೀಟರ್ ನೀರನ್ನು ಕುದಿಸೋಕೆ 87 ವ್ಯಾಟ್-ಅವರ್. ಅದನ್ನು ಪೂರ್ತಿ ಆವಿ ಮಾಡೋಕೆ ಇನ್ನೂ 627. ಏಳು ಪಟ್ಟು! ತಟ್ಟೆ ಮುಚ್ಚಿ, ಉರಿ ಸಣ್ಣ ಮಾಡಿ. ಕುಕ್ಕರ್ ಮೊದಲ ಸಲ ಕೂಗಿದ ಮೇಲೂ ಹಾಗೇ.

ಅದಿರಲಿ, ಗ್ಯಾಸ್ ಒಲೆ ಬಿಟ್ಟು ಇಂಡಕ್ಷನ್‌ಗೆ ಹೋಗೋದು ಒಳ್ಳೇದಾ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಯೂನಿಟ್‌ಲೆಕ್ಕ

ಕರೆಂಟ್ ಎಲ್ಲಿಂದ ಬರುತ್ತದೆ ಅನ್ನೋದರ ಮೇಲೆ ನಿಂತಿದೆ. ಇಂಡಕ್ಷನ್‌ನಲ್ಲಿ ಶೇ. 85ರಷ್ಟು ಶಾಖ ಪಾತ್ರೆಗೇ ಹೋಗುತ್ತದೆ. ಗ್ಯಾಸ್ ಒಲೆಯಲ್ಲಿ ಅದಕ್ಕಿಂತ ಕಡಿಮೆ, ಉಳಿದದ್ದು ಪಾತ್ರೆಯ ಪಕ್ಕದಿಂದ ಮೇಲೆ ಹೋಗಿ ಅಡುಗೆ ಮಾಡುವವರ ಮುಖಕ್ಕೆ. ಕೇಳೋಕೆ ಇಂಡಕ್ಷನ್ ಗೆದ್ದ ಹಾಗೆ ಕಾಣುತ್ತದೆ. ಆದರೆ ಕಲ್ಲಿದ್ದಲು ಸ್ಥಾವರದಲ್ಲಿ ಉರಿಸಿದ ಶಾಖದಲ್ಲಿ ಮೂರರಲ್ಲಿ ಒಂದು ಪಾಲು ಮಾತ್ರ ಕರೆಂಟ್ ಆಗುತ್ತದೆ. ಹಾಗಾಗಿ ಪೂರ್ತಿ ಕಲ್ಲಿದ್ದಲಿನ ಕರೆಂಟ್ ಆದರೆ ಗ್ಯಾಸ್ ಒಲೆಯದ್ದೇ ಕಡಿಮೆ ಹೊಗೆ. ನೀರು, ಗಾಳಿ, ಸೂರ್ಯನಿಂದ ಬರುವ ಪಾಲು ಏರುತ್ತಾ ಹೋದ ಹಾಗೆ ಇಂಡಕ್ಷನ್ ಮೊದಲು ಸರಿಸಮ ಆಗಿ, ಆಮೇಲೆ ಮೇಲು ಆಗುತ್ತದೆ. ಚಾವಣಿ ಮೇಲೆ ಸೋಲಾರ್ ಪ್ಯಾನೆಲ್ ಇದ್ದು ಮಧ್ಯಾಹ್ನ ಅಡುಗೆ ಮಾಡುವವರಿಗೆ ಪ್ರಶ್ನೆಯೇ ಇಲ್ಲ.

ಇದೇ ಕಾರಣಕ್ಕೆ ಕರೆಂಟಿನಲ್ಲಿ ನೇರವಾಗಿ ನೀರು ಕಾಯಿಸುವುದು ನನಗೆ ಹೊಟ್ಟೆ ಉರಿಸುತ್ತದೆ. ಅಲ್ಲಿ ಮೂರು ಪಾಲು ಶಾಖ ಉರಿಸಿ ಒಂದು ಪಾಲು ಕರೆಂಟ್ ಮಾಡಿ, ಇಲ್ಲಿ ಅದನ್ನು ಮತ್ತೆ ಶಾಖ ಮಾಡುತ್ತೇವೆ. ಸೋಲಾರ್ ವಾಟರ್ ಹೀಟರ್ ಹಾಕಿಸೋಕೆ ಜಾಗ ಇದ್ದರೆ ಹಾಕಿಸಿ. ಇಲ್ಲದಿದ್ದರೆ ಹೀಟ್ ಪಂಪ್ ಗೀಸರ್ ಅಂತ ಬರುತ್ತದೆ. ಅದು ಶಾಖ ಹುಟ್ಟಿಸಲ್ಲ, ಹೊರಗಿನ ಗಾಳಿಯಿಂದ ಎಳೆದು ತರುತ್ತದೆ. ಒಂದು ಯೂನಿಟ್ ಕರೆಂಟಿಗೆ ಸುಮಾರು ಮೂರು ಯೂನಿಟ್ ಶಾಖ.

ತಣ್ಣೀರೇ_ಸಾಕು

ಇಷ್ಟೆಲ್ಲ ಯಾಕೆ, ಗೀಸರ್ ಟೆಂಪರೇಚರ್ ಪೂರ್ತಿ ಇಳಿಸಿ 40ಕ್ಕೆ ಇಟ್ಟರೆ ಆಯಿತು.

ಯೂನಿಟ್‌ಲೆಕ್ಕ

ಟ್ಯಾಂಕ್ ಗೀಸರ್‌ನಲ್ಲಿ ಹಾಗೆ ಮಾಡಬೇಡಿ. ನಿಂತ ಉಗುರುಬೆಚ್ಚಗಿನ ನೀರು ಲೀಜಿಯೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾಗೆ ಹಬ್ಬ. 20ರಿಂದ 45 ಡಿಗ್ರಿ ನಡುವೆ ಚೆನ್ನಾಗಿ ಬೆಳೆಯುತ್ತದೆ, ನ್ಯುಮೋನಿಯಾ ತರುತ್ತದೆ. ಟ್ಯಾಂಕಿನ ನೀರು ಪ್ರತಿ ಸಲ 60ರವರೆಗೆ ಕಾಯಲಿ. ದಿನವಿಡೀ ಆನ್ ಇಡಬೇಡಿ, ಸ್ನಾನಕ್ಕೆ ಸ್ವಲ್ಪ ಮುಂಚೆ ಹಾಕಿ, ಎಲ್ಲರೂ ಒಬ್ಬರ ಹಿಂದೆ ಒಬ್ಬರು ಮುಗಿಸಿ. ಉಳಿತಾಯ ಇರುವುದು ಬಳಸುವ ನೀರಿನಲ್ಲಿ. ಬಟ್ಟೆಯನ್ನು ತಣ್ಣೀರಲ್ಲಿ ಒಗೆಯಿರಿ, ಅಲ್ಲಿ ನಿಮ್ಮ ಹೆಸರು ಸಾರ್ಥಕ. 😀

ಒಲೆಮುಂದೆ

ಪ್ಲಗ್‌ಗೆ ಸಿಕ್ಕಿಸುವ ಒಂದು ಡಬ್ಬಿ ಸಿಗುತ್ತದಲ್ಲ, ಹಸಿರು ದೀಪ ಉರಿಯುತ್ತೆ, ಬಿಲ್ ಶೇ. 30 ಇಳಿಯುತ್ತೆ ಅಂತಾರೆ. ನಮ್ಮ ಚಿಕ್ಕಪ್ಪ ತಂದಿಟ್ಟಿದ್ದಾರೆ.

ಕಂಪ್ರೆಸರ್‌ಕಿವಿ

ನಾನು ಬಿಚ್ಚಿ ನೋಡಿದ್ದೇನೆ. ಒಳಗೆ ಒಂದು ಕೆಪಾಸಿಟರ್, ಎರಡು ಎಲ್‌ಇಡಿ, ಅಷ್ಟೇ. ಅದು ಸರಿಮಾಡುತ್ತೇನೆ ಅನ್ನೋದು ಪವರ್ ಫ್ಯಾಕ್ಟರನ್ನು, ಅಂದರೆ ಎಳೆದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲನ್ನು. ಮನೆ ಮೀಟರಿನ ಯೂನಿಟ್ ಲೆಕ್ಕ ನಿಜವಾದ ಬಳಕೆಯದ್ದು, ಪವರ್ ಫ್ಯಾಕ್ಟರ್ ತಿದ್ದಿದರೆ ಅದು ಇಳಿಯಲ್ಲ. ಆ ಹಸಿರು ದೀಪಕ್ಕೆ ಬೇಕಾದ ಕರೆಂಟೂ ನಿಮ್ಮ ಲೆಕ್ಕಕ್ಕೇ. ಚಿಕ್ಕಪ್ಪನಿಗೆ ಬೇಜಾರಾಗದ ಹಾಗೆ ತೆಗೆದಿಡಿ.

ಪ್ರಶ್ನೆಪತ್ರಿಕೆ

ನನಗೆ ಒಂದು ಅನುಮಾನ, ತಪ್ಪು ತಿಳಿಯಬೇಡಿ. ಕಾರ್ಖಾನೆಗಳು, ಹಡಗು, ವಿಮಾನ ಇಷ್ಟೊಂದು ಸುಡುತ್ತಿರುವಾಗ ನಾವು ಮಿಣುಕು ಎಣಿಸಿಕೊಂಡು ಕೂತರೆ ಏನಾಗುತ್ತದೆ? ಕಮ್ಮಿ ಕರೆಂಟ್ ತಿನ್ನುವ ಎಸಿ ಅಂತ ತಂದವರು ಅದನ್ನು ಇನ್ನೆರಡು ಗಂಟೆ ಜಾಸ್ತಿ ಹಾಕುತ್ತಾರೆ. ಉಳಿದದ್ದು ಅಲ್ಲಿಗೇ ಹೋಯಿತು.

ಚಾವಣಿ

ಎರಡನೇ ಮಾತು ನಿಜ. 1865ರಲ್ಲೇ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ ಅನ್ನುವ ಅರ್ಥಶಾಸ್ತ್ರಜ್ಞ ಇದನ್ನು ಹೇಳಿದ್ದ. ಉಗಿ ಯಂತ್ರಗಳು ಸುಧಾರಿಸಿದ ಹಾಗೆಲ್ಲ ಬ್ರಿಟನ್ನಿನಲ್ಲಿ ಕಲ್ಲಿದ್ದಲು ಬಳಕೆ ಇಳಿಯಲಿಲ್ಲ, ಏರಿತು. ಅಗ್ಗವಾದದ್ದನ್ನು ಜನ ಜಾಸ್ತಿ ಬಳಸುತ್ತಾರೆ. ಆದರೆ ಮನೆಯಲ್ಲಿ ಇದಕ್ಕೊಂದು ಮಿತಿ ಇದೆ. ಎಲ್‌ಇಡಿ ಬಂತು ಅಂತ ಯಾರೂ ಹಗಲು ಹೊತ್ತು ಏಳು ಪಟ್ಟು ದೀಪ ಉರಿಸಲ್ಲ. ಗೀಸರ್ ಸುಧಾರಿಸಿತು ಅಂತ ದಿನಕ್ಕೆ ಮೂರು ಸಲ ಸ್ನಾನ ಮಾಡಲ್ಲ. ಎಸಿ ವಿಷಯದಲ್ಲಿ ನಿಮ್ಮ ಮಾತು ಒಪ್ಪುತ್ತೇನೆ, ಅದಕ್ಕೇ ಮೊದಲು ನೆರಳು ಮಾಡಿ ಅಂದಿದ್ದು.

ಯೂನಿಟ್‌ಲೆಕ್ಕ

ಮೊದಲನೇ ಮಾತಿಗೆ ನನ್ನ ಉತ್ತರ: ಮನೆಯ ಉಳಿತಾಯದಿಂದ ಮಾತ್ರ ಆಗಲ್ಲ, ಒಪ್ಪಿದೆ. ಸ್ಟ್ಯಾಂಡ್‌ಬೈ ಕಾನೂನಿನ ಕಥೆ ಮೇಲೆ ಹೇಳಿದ್ದೇ ಅದಕ್ಕೆ. ಆದರೆ ಸಂಜೆ ಎಲ್ಲರೂ ಒಟ್ಟಿಗೆ ಸ್ವಿಚ್ ಹಾಕುವ ಎರಡು ಮೂರು ಗಂಟೆ ಇದೆಯಲ್ಲ, ಆಗ ಸೋಲಾರ್ ಇರಲ್ಲ. ಆ ಹೊತ್ತಿಗೆ ಅಂತಲೇ ಸ್ಥಾವರಗಳನ್ನು ಇಟ್ಟುಕೊಳ್ಳಬೇಕಾಗುತ್ತದೆ. ಆ ಹೊತ್ತನ್ನು ತುಂಬಿಸುವವರು ಹೆಚ್ಚಾಗಿ ಮನೆಯವರೇ. ವಾಷಿಂಗ್ ಮಷೀನ್, ಇಸ್ತ್ರಿ ಮಧ್ಯಾಹ್ನಕ್ಕೆ ತಳ್ಳಿದರೆ ಯೂನಿಟ್ ಅಷ್ಟೇ ಇದ್ದರೂ ಹೊಗೆ ಇಳಿಯಬಹುದು.

ಹಗಲುಬೆಳಕು

ಎಲ್ಲರಿಗೂ ಥ್ಯಾಂಕ್ಸ್. ಮೀಟರ್ ನೋಡಿದೆ. ನಮ್ಮದು 1600ರದ್ದು. ಎಲ್ಲ ಆರಿಸಿ, ಫ್ರಿಜ್ಜೂ ಆರಿಸಿ ನೋಡಿದರೆ 25 ಸೆಕೆಂಡಿಗೊಂದು ಮಿಣುಕು. ಅಂದರೆ 90 ವ್ಯಾಟ್! ಮನೆಯಲ್ಲಿ ಏನೂ ಓಡದಿರುವಾಗ. ತಿಂಗಳಿಗೆ 65 ಯೂನಿಟ್ ಹೀಗೇ ಹೋಗುತ್ತಿದೆ.

ಒಂದೊಂದೇ ಕಿತ್ತು ನೋಡಿದೆವು. ಸೆಟ್‌ಟಾಪ್ ಬಾಕ್ಸ್, ಕಂಪ್ಯೂಟರಿನ ಯುಪಿಎಸ್, ಟಿವಿ ಕೆಳಗಿನ ಸ್ಪೀಕರ್ ತೆಗೆದ ಮೇಲೆ 75 ಸೆಕೆಂಡಿಗೆ ಬಂತು, 30 ವ್ಯಾಟ್. ಉಳಿದದ್ದು ರೂಟರ್, ಬಾಗಿಲ ಕ್ಯಾಮೆರಾ ಇರಬೇಕು. ಸ್ಪೀಕರ್ ಆಫ್ ಆಗಿತ್ತು ಅಂತಲೇ ಅಂದುಕೊಂಡಿದ್ದೆವು, ಅದಕ್ಕೆ ದೀಪವೂ ಇಲ್ಲ. ಈಗ ಆ ಮೂರಕ್ಕೂ ಸೇರಿ ಸ್ವಿಚ್ ಇರುವ ಒಂದು ಎಕ್ಸ್‌ಟೆನ್ಷನ್ ಬೋರ್ಡ್ ಹಾಕಿದ್ದೇವೆ.

ಒಂದು ಪ್ರಶ್ನೆ ಉಳಿದಿದೆ. ಫ್ರಿಜ್ ಹದಿನೈದು ವರ್ಷ ಹಳೇದು. ಓಡುತ್ತಿದೆ. ಓಡುವುದನ್ನು ಬಿಸಾಡೋಕೆ ಮನಸ್ಸಾಗಲ್ಲ, ಹೊಸದು ತಯಾರಿಸೋಕೂ ಶಕ್ತಿ ಬೇಕಲ್ವಾ?

ಕಂಪ್ರೆಸರ್‌ಕಿವಿ

ಒಳ್ಳೆ ಪ್ರಶ್ನೆ. ಫೋನು, ಲ್ಯಾಪ್‌ಟಾಪ್ ಆದರೆ ಹೊಗೆಯ ದೊಡ್ಡ ಪಾಲು ತಯಾರಿಕೆಯಲ್ಲೇ ಮುಗಿದಿರುತ್ತದೆ, ಅವನ್ನು ಎಷ್ಟು ವರ್ಷ ಎಳೆದರೆ ಅಷ್ಟು ಒಳ್ಳೇದು. ಹಗಲೂ ರಾತ್ರಿ ಓಡುವ ಫ್ರಿಜ್‌ನಲ್ಲಿ ದೊಡ್ಡ ಪಾಲು ಬಳಕೆಯದ್ದು. ಹಾಗಾಗಿ ಒಂದೇ ನಿಯಮ ಎರಡಕ್ಕೂ ಹಾಕೋಕೆ ಆಗಲ್ಲ.

ಮೊದಲು ಬಾಗಿಲಿನ ರಬ್ಬರ್ ನೋಡಿ. ಒಂದು ಹಾಳೆಯನ್ನು ಬಾಗಿಲಿಗೆ ಸಿಕ್ಕಿಸಿ ಮುಚ್ಚಿ, ಎಳೆಯಿರಿ. ಬಿಗಿಯಾಗಿ ಹಿಡಿದಿರಬೇಕು. ಸಲೀಸಾಗಿ ಜಾರಿ ಬಂದರೆ ಆ ಜಾಗದಲ್ಲಿ ತಂಪು ಹೋಗುತ್ತಿದೆ. ಸುತ್ತ ನಾಲ್ಕೂ ಕಡೆ ಹೀಗೆ ಮಾಡಿ, ಮೇಲಿಗಿಂತ ಕೆಳಗಿನ ಮೂಲೆ ಬೇಗ ಸಡಿಲ ಆಗುತ್ತದೆ. ಹಿಂದಿನ ಕಾಯಿಲ್ ಮೇಲೆ ಧೂಳಿನ ಕಂಬಳಿ ಇದ್ದರೆ ಪ್ಲಗ್ ತೆಗೆದು ಬ್ರಷ್‌ನಲ್ಲಿ ತೆಗೆಯಿರಿ, ಗೋಡೆಯಿಂದ ಒಂದು ಗೇಣು ಮುಂದಕ್ಕೆ ಎಳೆಯಿರಿ. ಒಳಗೆ 4 ಡಿಗ್ರಿ, ಫ್ರೀಜರ್ ಮೈನಸ್ 18 ಸಾಕು.

ಆಮೇಲೆ ಪ್ಲಗ್‌ಗೆ ಹಾಕುವ ಮೀಟರ್ ಒಂದನ್ನು ಯಾರ ಹತ್ತಿರವಾದರೂ ಇಸ್ಕೊಂಡು ಪೂರ್ತಿ 24 ಗಂಟೆ ಅಳೆಯಿರಿ. ಕಂಪ್ರೆಸರ್ ಓಡಿ ನಿಲ್ಲುತ್ತಿರುತ್ತದೆ, ಹಾಗಾಗಿ ಹತ್ತು ನಿಮಿಷದ ಅಳತೆ ಸುಳ್ಳು ಹೇಳುತ್ತದೆ. ಮಧ್ಯಮ ಗಾತ್ರದ ಹೊಸ ಒಳ್ಳೆ ಫ್ರಿಜ್ ದಿನಕ್ಕೆ ಒಂದು ಯೂನಿಟ್ ಒಳಗೇ ಮುಗಿಸುತ್ತದೆ. ನಿಮ್ಮದು ಎರಡು ದಾಟಿದರೆ ಬದಲಾಯಿಸಿ. ಒಂದೂವರೆ ಆಸುಪಾಸು ಇದ್ದರೆ ರಬ್ಬರ್ ಹೊಸದು ಹಾಕಿಸಿ ಇನ್ನೊಂದಷ್ಟು ಕಾಲ ನೋಡಿ.

ಬದಲಾಯಿಸಿದರೆ ಹಳೇದನ್ನು ಮೂಲೆಯಲ್ಲಿ ನೀರಿನ ಬಾಟಲಿಗೆ ಅಂತ ಓಡಿಸಬೇಡಿ, ಎಲ್ಲರೂ ಮಾಡುವುದು ಅದನ್ನೇ. ಗುಜರಿಗೆ ಕೊಡುವಾಗ ಪೈಪನ್ನು ಕಟಿಂಗ್ ಪ್ಲೇಯರ್‌ನಲ್ಲಿ ಕತ್ತರಿಸುವವನಿಗೆ ಕೊಡಬೇಡಿ. ಆ ಕಾಲದ ಫ್ರಿಜ್‌ನಲ್ಲಿ ಆರ್-134ಎ ಇರುವ ಸಾಧ್ಯತೆ ಜಾಸ್ತಿ, ಆರ್-410ಎಗೆ 2000 ಅಂದೆನಲ್ಲ, ಆ ಲೆಕ್ಕದಲ್ಲಿ ಇದು 1430. ಹಿಂದೆ ಕಂಪ್ರೆಸರ್ ಹತ್ತಿರದ ಸ್ಟಿಕ್ಕರ್ ಮೇಲೆ ಬರೆದಿರುತ್ತದೆ, ಅದರ ಫೋಟೋ ಹಾಕಿ, ನೋಡಿ ಹೇಳುತ್ತೇನೆ.